ವಿಯೆಟ್ನಾಂನಲ್ಲಿ ‘ಸಿನ್ ಚಾವ್’ ಒಂದೇ ಸಾಲದು

ವಿಯೆಟ್ನಾಂಗೆ ಹೊರಡುವ ನಮ್ಮವರು ವಿಮಾನ ಹತ್ತುವ ಮೊದಲೇ ಬಾಯಿಪಾಠ ಮಾಡಿಕೊಳ್ಳುವ ನಮಸ್ಕಾರದ ಮಾತು ‘ಸಿನ್ ಚಾವ್’. ಅದು ತಪ್ಪು ಮಾತೇನಲ್ಲ. ಹೋಟೆಲಿನ ಮುಂಗಟ್ಟೆಯಲ್ಲಿರುವವರೂ ಪ್ರವಾಸಿಗರನ್ನು ಸುತ್ತಾಡಿಸುವ ಮಾರ್ಗದರ್ಶಿಗಳೂ ವಿದೇಶಿಯರಿಗೆ ಅದನ್ನೇ ಹೇಳುತ್ತಾರೆ. ಆದರೆ ಹನೋಯ್‌ನ ಹಳೆಯ ಪೇಟೆಯಲ್ಲಿ ಕಾಲುದಾರಿಯ ಪಕ್ಕದ ಪುಟ್ಟ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು ಚಹಾ ಕುಡಿಯುತ್ತಾ ಕಿವಿಗೊಟ್ಟರೆ, ಅಲ್ಲಿಯ ಜನ ತಮ್ಮತಮ್ಮಲ್ಲಿ ಅದನ್ನು ಹೇಳಿಕೊಳ್ಳುವುದು ಬಹಳ ಅಪರೂಪವೆಂಬುದು ಬೇಗನೆ ತಿಳಿಯುತ್ತದೆ. ಅವರ ಬಾಯಲ್ಲಿ ‘ಚಾವ್’ ಎಂಬುದರ ಹಿಂದೆಯೇ ಎದುರಿನವರನ್ನು ಕರೆಯುವ ಒಂದು ಸಂಬಂಧದ ಹೆಸರು ಬರುತ್ತದೆ. ನಾನು ಕೊಂಡಿದ್ದ ಮಾತುಕತೆಯ ಕೈಪಿಡಿಯಲ್ಲಿ ಈ ವಿಷಯಕ್ಕೆ ಒಂದು ಸಾಲೂ ಮೀಸಲಿರಲಿಲ್ಲ.

ಅಣ್ಣ, ಅಕ್ಕ, ಅಜ್ಜಿ ಎಂದು ಗುರುತಿಲ್ಲದವರನ್ನೂ ಕರೆದು ರೂಢಿಯಿರುವ ಕನ್ನಡಿಗರಿಗೆ ಇದು ಕಷ್ಟದ ಪಾಠವಲ್ಲ. ನಮಗಿಂತ ತುಸು ಹಿರಿಯ ಗಂಡಸಾದರೆ ‘ಚಾವ್ ಆಞ್’, ಹೆಂಗಸಾದರೆ ‘ಚಾವ್ ಚಿ’. ಕಿರಿಯರಾದರೆ, ಗಂಡಾಗಲಿ ಹೆಣ್ಣಾಗಲಿ, ‘ಚಾವ್ ಎಮ್’. ತಂದೆತಾಯಿಯ ವಯಸ್ಸಿನ ಗಂಡಸರಿಗೆ ‘ಚೂ’, ಹೆಂಗಸರಿಗೆ ‘ಕೋ’, ಉತ್ತರದ ಕಡೆ ತಂದೆತಾಯಿಗಿಂತಲೂ ದೊಡ್ಡವರಿಗೆ ‘ಬಾಕ್’, ಅಜ್ಜ ಅಜ್ಜಿಯಂತಿರುವವರಿಗೆ ‘ಓಂಗ್’ ಮತ್ತು ‘ಬಾ’. ಹಿರಿಯರೊಡನೆ ಆಡಿದ ವಾಕ್ಯದ ಕೊನೆಗೆ ತುಂಡರಿಸಿದಂಥ ಒಂದು ಗಿಡ್ಡ ‘ಅ’ ಸೇರಿಸಿದರೆ ಅದು ನಮ್ಮ ‘ರೀ’ಯಷ್ಟೇ ಕೆಲಸ ಮಾಡುತ್ತದೆ. ಅವರು ಏನಾದರೂ ಕೇಳಿದಾಗ ಉತ್ತರವನ್ನು ‘ಜ಼ಾ’ ಎಂದು ಆರಂಭಿಸುವುದು ವಿನಯದ ಲಕ್ಷಣ. ಮಧ್ಯಭಾಗದಲ್ಲಿಯೂ ದಕ್ಷಿಣದಲ್ಲಿಯೂ ಅದೇ ಮಾತು ‘ಯಾ’ ಎಂದು ಕೇಳಿಸುತ್ತದೆ. ಹಲವರು ಒಟ್ಟಿಗೆ ಕುಳಿತಿದ್ದರೆ ಎಲ್ಲರಿಗಿಂತ ಹಿರಿಯರನ್ನು ಮೊದಲು ಮಾತನಾಡಿಸಬೇಕು, ಹಿರಿಯರಿಗೆ ಹಣವನ್ನಾಗಲಿ ವಸ್ತುವನ್ನಾಗಲಿ ಕೊಡುವಾಗ ಎರಡೂ ಕೈಗಳನ್ನು ಬಳಸಬೇಕು.

ವಯಸ್ಸನ್ನು ಊಹಿಸುವುದು ಹೇಗೆಂದು ಚಿಂತಿಸುವವರಿಗೆ ನನ್ನ ಸಲಹೆ, ಮೊದಲು ಅವರು ನಿಮ್ಮನ್ನು ಏನೆಂದು ಕರೆಯುತ್ತಾರೆಂದು ಕೇಳಿಸಿಕೊಳ್ಳಿ ಎಂಬುದು. ಅಂಗಡಿಯ ಹುಡುಗಿ ನನ್ನನ್ನು ‘ಚಿ’ ಎಂದು ಕರೆದು ತನ್ನನ್ನು ‘ಎಮ್’ ಎಂದುಕೊಂಡರೆ, ನಾನು ಅವಳಿಗೆ ‘ಚಾವ್ ಎಮ್’ ಎಂದರೆ ಸರಿಹೋಗುತ್ತದೆ. ವ್ಯಾಪಾರದಲ್ಲಿ ಇರುವವರು ಗಿರಾಕಿಗಳಿಗೆ ಗೌರವ ಕೊಡಲು ತಮ್ಮನ್ನು ಕಿರಿಯರೆಂದು ಹೇಳಿಕೊಳ್ಳುವುದು ಸಾಮಾನ್ಯ. ಅದನ್ನು ನಂಬಿ ನಮ್ಮ ವಯಸ್ಸಿನ ಬಗ್ಗೆ ತೀರ್ಮಾನಕ್ಕೆ ಬರಬೇಕಾಗಿಲ್ಲ. ಏನೂ ತೋಚದಿದ್ದಾಗ ಗಂಡಸರಿಗೆ ‘ಆಞ್’, ಹೆಂಗಸರಿಗೆ ‘ಚಿ’ ಎನ್ನುವುದು ಕ್ಷೇಮ. ನಡುವಯಸ್ಸಿನ ಹೆಂಗಸನ್ನು ‘ಬಾ’ ಎಂದು ಕರೆದವರಿಗೆ ಅಲ್ಲಿಯೂ ಮುಖ ಗಂಟಿಕ್ಕಿಕೊಂಡ ಉತ್ತರವೇ ಸಿಗುತ್ತದೆ, ನಮ್ಮ ಊರಿನ ಬಸ್ಸಿನಲ್ಲಿ ಅಜ್ಜಿ ಎಂದವರಿಗೆ ಸಿಗುವಂತೆ. ಪರಿಚಯವಾದ ಕೂಡಲೇ ನಿಮಗೆಷ್ಟು ವಯಸ್ಸು ಎಂದು ಕೇಳಿದರೆ ಬೇಸರಿಸಬೇಡಿ. ಆ ಲೆಕ್ಕ ಸಿಗದೆ ಅವರಿಗೆ ವಾಕ್ಯ ಕಟ್ಟುವುದೇ ಇಕ್ಕಟ್ಟಾಗುತ್ತದೆ, ಏಕೆಂದರೆ ‘ನಾನು’, ‘ನೀವು’ ಎಂಬ ಮಾತುಗಳ ಜಾಗದಲ್ಲಿಯೂ ಈ ಸಂಬಂಧದ ಹೆಸರುಗಳೇ ಬರುತ್ತವೆ. ‘ಅನ್ ಕಮ್ ಚುವ’ ಎಂದರೆ ಊಟ ಆಯ್ತಾ ಎಂದು. ನಮ್ಮಲ್ಲಿಯಂತೆಯೇ ಅದು ಯೋಗಕ್ಷೇಮದ ವಿಚಾರಣೆ, ಊಟಕ್ಕೆ ಕರೆದರೆಂದು ಭಾವಿಸಬಾರದು.

ಸ್ವರಗಳ, ಅಂದರೆ ಪದದ ಅರ್ಥವನ್ನೇ ಬದಲಿಸುವ ದನಿಯ ಏರಿಳಿತಗಳ, ವಿಷಯ ನಿಜಕ್ಕೂ ತೊಡಕಿನದು. ಉತ್ತರದ ಉಚ್ಚಾರದಲ್ಲಿ ಆರು ಸ್ವರಗಳಿವೆ, ದಕ್ಷಿಣದವರ ಮಾತಿನಲ್ಲಿ ಎರಡು ಬೆರೆತು ಐದಾಗುತ್ತವೆ. ‘ಚಾವ್’ ಎಂಬುದನ್ನು ಇಳಿದನಿಯಲ್ಲಿ, ದಣಿದು ಕುಳಿತವರು ಉಸಿರು ಬಿಟ್ಟಂತೆ ಹೇಳಬೇಕು. ನಾವು ಅಪರಿಚಿತರೊಡನೆ ಉತ್ಸಾಹದಿಂದ ಕೊನೆಯನ್ನು ಮೇಲಕ್ಕೆತ್ತಿದರೆ ಅದು ಗಂಜಿಯ ಹೆಸರಾಗುತ್ತದೆ. ‘ಎಮ್’, ‘ಆಞ್’, ‘ಕೋ’, ‘ಓಂಗ್’ ಇವು ನಾಲ್ಕೂ ಏರಿಳಿತವಿಲ್ಲದ ಸಮದನಿಯವು, ಆದ್ದರಿಂದ ಅವುಗಳಿಂದ ಆರಂಭಿಸುವುದು ಸುಲಭ. ‘ಚಿ’ ಮಾತ್ರ ಗಂಟಲಲ್ಲಿ ತಡೆದು ತಟ್ಟನೆ ನಿಲ್ಲಬೇಕು. ಲ್ಯಾಟಿನ್ ಲಿಪಿಯನ್ನು ನೋಡಿ ಇಂಗ್ಲಿಷಿನಂತೆ ಓದಬೇಡಿ. 1651ರಲ್ಲಿ ಅಲೆಕ್ಸಾಂಡರ್ ದ ರೋಡ್ ಎಂಬ ಜೆಸ್ಯೂಟ್ ಪಾದ್ರಿಯ ನಿಘಂಟು ರೋಮಿನಲ್ಲಿ ಅಚ್ಚಾದ ಕಾಲದಿಂದಲೂ ಈ ಲಿಪಿಗೆ ಅದರದೇ ಲೆಕ್ಕ, ಎಕ್ಸ್ ಅಕ್ಷರಕ್ಕೆ ಈಗ ‘ಸ’ಕಾರದ ಬೆಲೆ, ಗೀಟು ಹಾಕದ ಡಿ ಅಕ್ಷರವಂತೂ ಈಗ ‘ದ’ಕಾರವೇ ಅಲ್ಲ.

ಇಷ್ಟೆಲ್ಲ ಕಲಿತರೆ ಮೋಸಹೋಗುವುದಿಲ್ಲವೆಂದು ಯಾರೂ ತಿಳಿಯಬಾರದು. ಮಧ್ಯ ವಿಯೆಟ್ನಾಂನ ಹುಯೆ ನಗರದಿಂದ ಹೋಯಿ ಆನ್ ಪಟ್ಟಣಕ್ಕೆ ನಾವು ಹತ್ತಿದ ಮಲಗುವ ಬಸ್ಸಿನಲ್ಲಿ ಪಾದರಕ್ಷೆಗಳನ್ನು ಬಿಚ್ಚಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಸಿದರು, ಅದು ಅಲ್ಲಿಯ ಪದ್ಧತಿ, ಅದರ ಬಗ್ಗೆ ದೂರಿಲ್ಲ. ಆದರೆ ಟಿಕೆಟಿನ ಮೇಲೆ ಬರೆದಿದ್ದ ಹಾಸಿಗೆಯಲ್ಲಿ ಬೇರೊಬ್ಬರು ಮಲಗಿದ್ದರು, ಓಣಿಯಲ್ಲಿ ಜನರನ್ನು ಉದ್ದಕ್ಕೂ ಮಲಗಿಸಿದ್ದರು, ನನ್ನ ಮೊಣಕಾಲು ಮಡಚಲೂ ಚಾಚಲೂ ಆಗದಂಥ ಹಿಂಬದಿಯ ಮೂಲೆ ನಮ್ಮ ಪಾಲಿಗೆ ಬಂದಿತು. ಇಳಿಯುವ ಹೊತ್ತಿಗೆ ಬಸ್ಸಿನ ಸಹಾಯಕ ತುಂಬ ಮರ್ಯಾದೆಯಿಂದ ‘ಚಿ’ ಎಂದು ಕರೆದು, ನನ್ನ ಸಾಮಾನಿನ ಚೀಲಕ್ಕೆಂದು ಅಲ್ಲಿಯ ಹಣದಲ್ಲಿ 50,000 ಡಾಂಗ್ ಹೆಚ್ಚಿಗೆ ಕೇಳಿದ. ಸ್ಥಳೀಯರು ಯಾರೂ ಅದನ್ನು ಕೊಡಲಿಲ್ಲ. ನಾನು ವಿನಯದಿಂದಲೇ ವಾದಿಸಿದೆ, ಅವನೂ ವಿನಯದಿಂದಲೇ ಚೀಲವನ್ನು ಹಿಡಿದುಕೊಂಡು ನಿಂತ, ಕೊನೆಗೆ ಹಣ ಹೋಯಿತು. ಹುಯೆಯಿಂದ ದನಾಂಗ್‌ವರೆಗೆ ಹಾಯ್ ವಾನ್ ಕಣಿವೆಯ ಬದಿಯಲ್ಲಿ ಸಮುದ್ರವನ್ನು ತೋರಿಸುತ್ತಾ ಸಾಗುವ ರೈಲು ಇರುವಾಗ ಆ ಬಸ್ಸು ಯಾರಿಗೂ ಬೇಡ. ನೋಟುಗಳನ್ನು ಕೊಡುವಾಗ ಇನ್ನೊಂದು ಎಚ್ಚರ ಬೇಕು: 20,000 ಮತ್ತು 500,000 ಡಾಂಗ್‌ನ ನೋಟುಗಳೆರಡೂ ನೀಲಿ ಛಾಯೆಯವು, ಮಬ್ಬು ಬೆಳಕಿನಲ್ಲಿ ಒಂದೇ ಎನ್ನಿಸುತ್ತವೆ. ಹೋಯಿ ಆನ್‌ನ ಬಗ್ಗೆ ನಾನು ಹೆಚ್ಚು ಬರೆಯಲಾರೆ. ಲಾಂದ್ರಗಳ ಕೆಳಗೆ ಭುಜಕ್ಕೆ ಭುಜ ಉಜ್ಜುವ ಜನಜಂಗುಳಿ ಇಷ್ಟವಿರುವವರು ಹೋಗಬಹುದು.

ಹುಯೆಯಲ್ಲಿ ಮಾತ್ರ ಇನ್ನಷ್ಟು ದಿನ ಉಳಿಯಬೇಕೆನಿಸಿತು, ಅದಕ್ಕೆ ಕಾರಣ ಅರಮನೆಗಿಂತ ಒಂದು ಊಟದ ಮನೆ. ಬೌದ್ಧ ಮಠಗಳು ಹೆಚ್ಚಾಗಿರುವ ಈ ಊರಿನಲ್ಲಿ ‘ಚಯ್’ ಎಂದು ಬರೆದ ಫಲಕವಿದ್ದಲ್ಲಿ ಸಸ್ಯಾಹಾರ ಸಿಗುತ್ತದೆ. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹುಣ್ಣಿಮೆಯಂದು ಸಾಮಾನ್ಯ ಜನರೂ ಮಾಂಸ ಬಿಡುವುದರಿಂದ ಆ ದಿನಗಳಲ್ಲಿ ಜಾಗ ಸಿಗಲು ಕಾಯಬೇಕು. ಗಲ್ಲಿಯೊಂದರ ಒಳಗೆ, ಮನೆಯ ಮುಂಭಾಗವನ್ನೇ ಅಂಗಡಿ ಮಾಡಿಕೊಂಡ ಆ ಜಾಗದಲ್ಲಿ 30,000 ಡಾಂಗ್‌ಗೆ, ಅಂದರೆ ಸುಮಾರು ನೂರು ರೂಪಾಯಿಗೆ, ಒಂದು ತಟ್ಟೆ ಅನ್ನ, ಲೆಮನ್ ಗ್ರಾಸ್ ಮತ್ತು ಮೆಣಸಿನಕಾಯಿ ಹಾಕಿ ಹುರಿದ ತೋಫು, ಎಳೆಹಲಸನ್ನು ಸೀಳಿ ಎಳ್ಳು ಮತ್ತು ಪುದೀನದಂಥ ಸೊಪ್ಪು ಬೆರೆಸಿದ ಪಲ್ಯ, ಸೋಯಾ ಸಾಸಿನಲ್ಲಿ ಬೇಯಿಸಿದ ಅಣಬೆ, ಜೊತೆಗೆ ಬಸಳೆಸೊಪ್ಪಿನ ತಿಳಿಸಾರು. ಬಸಳೆಯನ್ನು ಅಲ್ಲಿ ಕಂಡು ನಮ್ಮ ಕರಾವಳಿಯ ಜೊತೆಗಾರರು ಎರಡನೆಯ ಬಟ್ಟಲು ತರಿಸಿದರು. ಹುಯೆಯವರ ಖಾರ ನಮ್ಮ ಉತ್ತರ ಕರ್ನಾಟಕದವರಿಗೂ ಒಪ್ಪುವಂಥದ್ದು. ಮಠದ ಕಟ್ಟುನಿಟ್ಟಿನ ಪದ್ಧತಿಯನ್ನು ಅನುಸರಿಸುವ ಇಂಥ ಕಡೆಗಳಲ್ಲಿ ಈರುಳ್ಳಿ ಬೆಳ್ಳುಳ್ಳಿಯನ್ನೂ ಬಳಸುವುದಿಲ್ಲ, ವ್ರತದವರಿಗೆ ಇದಕ್ಕಿಂತ ನಿಶ್ಚಿಂತೆ ಬೇರೆಲ್ಲೂ ಸಿಗದು. ಬೇರೆ ಸಾಧಾರಣ ಅಂಗಡಿಗಳಲ್ಲಿ ತರಕಾರಿಯ ತಟ್ಟೆಗೂ ಮೀನಿನ ಸಾರವಾದ ‘ನೂಕ್ ಮಾಮ್’ ಬಿದ್ದಿರುತ್ತದೆ.

ಆ ಊಟದ ಮನೆಯ ಒಡತಿಯನ್ನು ನಾವು ‘ಕೋ’ ಎಂದು ಕರೆದೆವು. ಏನಾದರೂ ಬೇಕಾದಾಗ ಕೈ ತಟ್ಟುವುದು, ‘ಹಲೋ’ ಎಂದು ಕೂಗುವುದು ಅನಗತ್ಯ. ಸಂಬಂಧದ ಹೆಸರಿನ ಹಿಂದೆ ‘ಅಯ್’ ಸೇರಿಸಿ ‘ಕೋ ಅಯ್’ ಎಂದು, ಕಿರಿಯರಾದರೆ ‘ಎಮ್ ಅಯ್’ ಎಂದು ಕರೆದರೆ ಒಳಗಿನಿಂದ ಉತ್ತರ ಬರುತ್ತದೆ. ಧನ್ಯವಾದಕ್ಕೂ ಇದೇ ಕ್ರಮ, ‘ಕಾಮ್ ಅನ್ ಕೋ’. ಸಂಬಂಧದ ಹೆಸರಿಲ್ಲದ ಬರಿಯ ‘ಕಾಮ್ ಅನ್’ ಹಿರಿಯರ ಮುಂದೆ ಮೊಂಡಾಗಿ ಕೇಳಿಸುತ್ತದೆ. ಫೋನಿನ ಅನುವಾದಕ ಇದನ್ನು ಬಲ್ಲದಾದರೂ ನೀವು ಯಾರಿಗೆ ಹೇಳುತ್ತಿದ್ದೀರಿ ಎಂಬುದು ಅದಕ್ಕೆ ಗೊತ್ತಿರುವುದಿಲ್ಲ, ಹಾಗಾಗಿ ಎಲ್ಲರನ್ನೂ ‘ಗೆಳೆಯ’ ಎಂದೇ ಕರೆದುಬಿಡುತ್ತದೆ.

ಥಾಯ್ಲೆಂಡ್ ನೋಡಿ ಬಂದವರಿಗೆ ಕೈಮುಗಿಯುವ ಅಭ್ಯಾಸ ಇರುತ್ತದೆ. ವಿಯೆಟ್ನಾಂನಲ್ಲಿ ದಿನನಿತ್ಯದ ಭೇಟಿಗೆ ಅದು ರೂಢಿಯಲ್ಲ, ತಲೆಯನ್ನು ತುಸು ಬಾಗಿಸಿದರೆ ಸಾಕು. ಕೈಮುಗಿಯುವುದು ಪಗೋಡದಲ್ಲಿ, ಬುದ್ಧನಿಗೆ ಮತ್ತು ಭಿಕ್ಷುಗಳಿಗೆ. ಭಿಕ್ಷುಗಳೊಡನೆ ‘ಚಾವ್’ಗಿಂತ ಅಮಿತಾಭ ಬುದ್ಧನ ಹೆಸರು ಹೇಳಿ ಕೈಜೋಡಿಸುವುದು ಭಕ್ತರ ಕ್ರಮ, ಅವರನ್ನು ‘ಥಾಯ್’, ಅಂದರೆ ಗುರು, ಎಂದು ಸಂಬೋಧಿಸಬೇಕು.

ಕೈಪಿಡಿಗಳಲ್ಲಿ ವಿದಾಯಕ್ಕೆ ‘ತಾಮ್ ಬಿಯೆತ್’ ಎಂದು ಬರೆದಿರುತ್ತಾರೆ. ತರಕಾರಿ ಕೊಂಡು ಹೊರಡುವಾಗ ಅಷ್ಟು ಗಂಭೀರವಾದ ಬೀಳ್ಕೊಡುಗೆಯನ್ನು ಯಾರೂ ಹೇಳುವುದಿಲ್ಲ. ಬರುವಾಗ ಹೇಳಿದ ‘ಚಾವ್ ಚಿ’ಯನ್ನೇ, ಕೊನೆಗೆ ಆ ಗಿಡ್ಡ ‘ಅ’ ಸೇರಿಸಿ, ಹೋಗುವಾಗಲೂ ಹೇಳಬಹುದು.