ಗಡ್ಡೆ ತೆಗೆಸಿದ ಮೇಲೂ ಲಿವರ್‌ಗೆ ಹೇಗೆ ಬಂತು?

ನಾನಿರುವುದು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ. ವಿಜಯಪುರದ ಕಡೆಯಿಂದ ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಬರುವವರಿಗೆ ಹಿಂದಿ, ಮರಾಠಿ ತೊಡಕಾದರೆ ಜೊತೆಗೆ ಹೋಗುತ್ತೇನೆ. ಸರದಿಗೆ ಕಾಯುವಾಗಲೋ, ವಾಪಸ್ ಬರುವ ಲೋಕಲ್‌ನಲ್ಲೋ ಒಂದು ಪ್ರಶ್ನೆ ಬಂದೇ ಬರುತ್ತದೆ. "ಅಣ್ಣಾರ, ಎದಿ ಗಡ್ಡಿ ತಗಿಸಿ ಎರಡ ವರ್ಷ ಆತ್ರಿ. ಈಗ ಲಿವರ್‌ಕ ಬಂದದ ಅಂತಾರ. ಕತ್ತರಿ ಹಾಕಿದ್ದಕ್ಕ ಹರಡ್ತೇನ್ರಿ?"

ನಾನು ಡಾಕ್ಟರ್ ಅಲ್ಲ. ಆದರೂ ಓದಿ, ಕೇಳಿ ತಿಳಿದದ್ದು ಇಷ್ಟು: ಕತ್ತರಿಯನ್ನು ಬೈಯಬೇಡಿ. ಸಾಮಾನ್ಯವಾಗಿ ಕ್ಯಾನ್ಸರ್ ಕೋಶಗಳು ಆಪರೇಷನ್‌ಗೂ ಮೊದಲೇ ಮನೆ ಬಿಟ್ಟಿರುತ್ತವೆ.

ಗಡ್ಡೆ ಶುರುವಾಗುವುದು ಒಂದು ಕೋಶದಿಂದ. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. 20 ಸಲ ದುಪ್ಪಟ್ಟಾದರೆ ಸುಮಾರು 10 ಲಕ್ಷ ಕೋಶ, ಆದರೂ ಗಾತ್ರ ಒಂದು ಸಾಸಿವೆ ಕಾಳಿನಷ್ಟು. ಕೈಗೆ ಸಿಗುವ 1 ಸೆಂಟಿಮೀಟರ್ ಗಡ್ಡೆಯಲ್ಲಿ ಸುಮಾರು 100 ಕೋಟಿ.

ಆದರೆ ಸಾಸಿವೆ ಗಾತ್ರದಲ್ಲಿ ಅದಕ್ಕೊಂದು ತಾಪತ್ರಯ. ರಕ್ತನಾಳದಿಂದ ಆಮ್ಲಜನಕ ಹೋಗುವುದೇ 0.1, 0.2 ಮಿಲಿಮೀಟರ್ ದೂರ, ಅದರಾಚೆಯ ಕೋಶಗಳಿಗೆ ಉಪವಾಸ. ಹಾಗಾಗಿ ಎಷ್ಟೋ ಗಡ್ಡೆಗಳು ಅಷ್ಟಕ್ಕೇ ನಿಂತುಬಿಡುತ್ತವೆ. ಮುಂದೆ ಬೆಳೆಯಬೇಕೆಂದರೆ ಗಡ್ಡೆ ತನಗೇ ಹೊಸ ರಕ್ತನಾಳ ತರಿಸಿಕೊಳ್ಳಬೇಕು ಅಂತ 1971ರಲ್ಲಿ ಜೂಡಾ ಫೋಕ್‌ಮನ್ ಎಂಬ ಅಮೆರಿಕದ ಸರ್ಜನ್ ಬರೆದರು. ಆಗ ನಂಬಿದವರು ಕಡಿಮೆ.

ಮುಂಬಯಿಯಲ್ಲಿ ಪೈಪ್ ಕೊರೆದು ನೀರು ಎಳೆಯುವ ಕಳ್ಳ ನಳ ಗೊತ್ತಲ್ವಾ? ಇಲ್ಲಿ ಗಡ್ಡೆ ಹೋಗಿ ಪೈಪ್ ಕೊರೆಯುವುದಿಲ್ಲ, ಪೈಪಿಗೇ ಹೇಳಿಕಳಿಸುತ್ತದೆ! ವಿಇಜಿಎಫ್ ಎಂಬ ಪ್ರೋಟೀನ್ ಬಿಡುತ್ತದೆ, ಹತ್ತಿರದ ರಕ್ತನಾಳ ಅದರ ಕಡೆಗೆ ಕವಲೊಡೆಯುತ್ತದೆ. ಗಾಯ ಮಾಯುವಾಗ ದೇಹ ಮಾಡುವ ಕೆಲಸವೇ ಇದು, ಗಡ್ಡೆಗೆ ಮಾತ್ರ ನಿಲ್ಲಿಸುವುದು ಗೊತ್ತಿಲ್ಲ. ಈ ಪ್ರೋಟೀನನ್ನು ತಡೆಯುವ ಬೆವಾಸಿಝುಮ್ಯಾಬ್ ಔಷಧಕ್ಕೆ 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ನೀರು ನಿಲ್ಲಿಸಿದರೆ ಗಡ್ಡೆ ಸತ್ತೇಹೋಗುತ್ತದೆ ಅಂತ ಆಸೆಪಟ್ಟವರಿದ್ದರು, ಅಷ್ಟು ಸುಲಭ ಆಗಲಿಲ್ಲ. ಕೆಲವು ಕ್ಯಾನ್ಸರ್‌ಗಳಲ್ಲಿ, ಹೆಚ್ಚಾಗಿ ಕೀಮೋ ಜೊತೆಗೆ, ಅದು ನೆರವಾಗುತ್ತದೆ.

ಅವಸರದಲ್ಲಿ ಎಳೆದ ಆ ನಾಳಗಳು ಸೊಟ್ಟಂಬಟ್ಟ, ಸೋರುತ್ತಿರುತ್ತವೆ. ಊಟ ಬರುವ ದಾರಿಯೇ ಕೋಶಗಳು ಓಡಿಹೋಗುವ ದಾರಿಯೂ ಆಗುತ್ತದೆ. ಕೆಲವು ದುಗ್ಧರಸದ (ಲಿಂಫ್) ದಾರಿ ಹಿಡಿಯುತ್ತವೆ, ಸ್ತನದ ಆಪರೇಷನ್‌ನಲ್ಲಿ ಆ ದಾರಿಯಲ್ಲಿರುವ ಕಂಕುಳಿನ ಗಂಟು ತೆಗೆದು ನೋಡುವುದು ಅದಕ್ಕೇ. ರಕ್ತಕ್ಕೆ ಬಿದ್ದವುಗಳಲ್ಲಿ ಬಹುತೇಕ ಸಾಯುತ್ತವೆ. ಉಳಿದವೂ ಎಲ್ಲೆಂದರಲ್ಲಿ ಬೇರೂರುವುದಿಲ್ಲ. 1889ರಲ್ಲೇ ಲಂಡನ್ನಿನ ಸರ್ಜನ್ ಸ್ಟೀಫನ್ ಪ್ಯಾಜೆಟ್ ಇದನ್ನು ಬೀಜ ಮತ್ತು ಮಣ್ಣಿಗೆ ಹೋಲಿಸಿದ್ದರು. ವಿಜಯಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಎರೆ ಹೊಲದ ಬಿಳಿಜೋಳವನ್ನು ಕೊಂಕಣದ ಕೆಂಪು ಮಣ್ಣಿಗೆ ಹಾಕಿದರೆ ಏನಾಗುತ್ತದೆ ಅಂತ ಅವರಿಗೇ ಜಾಸ್ತಿ ಗೊತ್ತು. ಸ್ತನದ ಕೋಶಕ್ಕೆ ಮೂಳೆ, ಶ್ವಾಸಕೋಶ, ಲಿವರ್, ಮಿದುಳು ಒಗ್ಗುವ ಮಣ್ಣು. ಅಲ್ಲಿ ಹೋಗಿ ವರ್ಷಗಟ್ಟಲೆ ಸುಮ್ನೆ ಮಲಗಿದ್ದು ಆಮೇಲೆ ಏಳಬಹುದು. ಆಪರೇಷನ್ ಚೆನ್ನಾಗಿಯೇ ಆಗಿದ್ದರೂ ಕೀಮೋ, ಹಾರ್ಮೋನ್ ಮಾತ್ರೆ ಅಂತ ಮುಂದುವರಿಸುವುದು ಇಂಥ ಬೀಜಗಳಿಗಾಗಿಯೇ.

ಇಷ್ಟಾದ ಮೇಲೆ ಮತ್ತೆ ಕೇಳುತ್ತಾರೆ, "ಹಂಗಾರ ಇದು ಲಿವರ್ ಕ್ಯಾನ್ಸರ್ ಅಲ್ಲೇನ್ರಿ?" ಅಲ್ಲ. ಲಿವರ್‌ನಲ್ಲಿ ಕೂತ ಸ್ತನ ಕ್ಯಾನ್ಸರ್, ಔಷಧವೂ ಅದರದೇ. ಅದಕ್ಕೇ ಮುಂಬಯಿಗೆ ಹೊರಡುವಾಗ ಹಳೇ ಫೈಲ್, ಮೊದಲ ಬಯಾಪ್ಸಿಯ ಸ್ಲೈಡ್, ಬ್ಲಾಕ್ (ಮೇಣದಲ್ಲಿ ಕೂರಿಸಿಟ್ಟ ಗಡ್ಡೆಯ ತುಣುಕು) ಊರಲ್ಲೇ ಬಿಟ್ಟು ಬರಬೇಡಿ, ಇಲ್ಲಿ ಮೊದಲು ಕೇಳುವುದೇ ಅವನ್ನು.