ದೊಡ್ಡ ಕರುಳಿಗೆ ಮೆಸಲಮೈನ್ ಮಣಿ: ಮಳೆಗಾಲದ ಪ್ರಗತಿ ಟಿಪ್ಪಣಿ, ಬೆಳಗಾವಿ

ದೊಡ್ಡ ಕರುಳಿನ ಒಳಪದರ ಉರಿದು ಹುಣ್ಣಾಗುವ ಅಲ್ಸರೇಟಿವ್ ಕೊಲೈಟಿಸ್‌ಗೆ ಕೊಡುವ ಮೆಸಲಮೈನ್ ಸಣ್ಣ ಕರುಳಿನ ಮೊದಲ ಭಾಗದಲ್ಲೇ ರಕ್ತಕ್ಕೆ ಸೇರಿಹೋಗಬಾರದು, ಉರಿಯೂತವಿರುವ ದೊಡ್ಡ ಕರುಳಿನ ಒಳಪದರಕ್ಕೆ ಸಿಗಬೇಕು. ಅದಕ್ಕೇ ಔಷಧವನ್ನು ಪುಟ್ಟ ಮಣಿಗಳಲ್ಲಿ ಹುದುಗಿಸಿ, ಆಮ್ಲ ತಡೆಯುವ ಲೇಪನ ಕೊಡುತ್ತೇವೆ. ಮಣಿ ಹದಕ್ಕೆ ಬಂದಿದೆ. ಈಗ ತಕರಾರೆಲ್ಲ ಲೇಪನದ್ದು. (ರೋಗ ಗುದನಾಳಕ್ಕಷ್ಟೇ ಸೀಮಿತವಾಗಿದ್ದರೆ ಇಷ್ಟೆಲ್ಲ ಬೇಡ, ಗುದದೊಳಗೆ ಇಡುವ ಸಪೋಸಿಟರಿ ಸಾಕು.)

100 ಮಿ.ಲೀ. ಡಿಸ್ಟಿಲ್ಡ್ ನೀರಿಗೆ 2 ಗ್ರಾಂ ಸೋಡಿಯಂ ಆಲ್ಜಿನೇಟ್ (ಕಡಲಪಾಚಿಯ ಅಂಟು), 1 ಗ್ರಾಂ ಲೋ ಮೆಥಾಕ್ಸಿಲ್ ಪೆಕ್ಟಿನ್ (ಕ್ಯಾಲ್ಸಿಯಂ ಸಿಕ್ಕರೆ ಗಟ್ಟಿಯಾಗುವ ಹಣ್ಣಿನ ಅಂಟು). ಗಾಳಿಗುಳ್ಳೆ ಹೋದ ಮೇಲೆ 100 ಮೆಶ್ ಜರಡಿ ಹಿಡಿದ 3 ಗ್ರಾಂ ಮೆಸಲಮೈನ್. ಬೋರ್ ನೀರು ಬೇಡವೇ ಬೇಡ, ಅದರ ಕ್ಯಾಲ್ಸಿಯಂಗೆ ಆಲ್ಜಿನೇಟ್ ಗಂಟುಕಟ್ಟುತ್ತದೆ. ಬಾಗಲಕೋಟೆಯ ಸುಣ್ಣಕಲ್ಲಿನ ಸೀಮೆಯಲ್ಲಂತೂ ಯೋಚಿಸಲೂಬೇಡಿ. ಮಿಶ್ರಣವನ್ನು 22 ಗೇಜ್ ಸೂಜಿಯಿಂದ 5% ಕ್ಯಾಲ್ಸಿಯಂ ಕ್ಲೋರೈಡ್‌ಗೆ ಹನಿಹನಿಯಾಗಿ ಬಿಡಬೇಕು, ಅಲ್ಲಿನ ಕ್ಯಾಲ್ಸಿಯಂಗೆ ಹನಿ ಗಟ್ಟಿಯಾಗಿ ಮಣಿಯಾಗುತ್ತದೆ. ಸೂಜಿ ತೀರಾ ಹತ್ತಿರವಿದ್ದರೆ ಮಣಿಗೆ ಬಾಲ ಬರುತ್ತದೆ, ತೀರಾ ಎತ್ತರವಾದರೆ ಚಪ್ಪಟೆಯಾಗುತ್ತದೆ.

ಔಷಧ ಸೋರಿಹೋಗುವುದು ಈ ಕ್ಯಾಲ್ಸಿಯಂ ದ್ರಾವಣದಲ್ಲೇ. ಮೆಸಲಮೈನ್ ಕರಗುವುದು ಪಿಎಚ್ 2ರಿಂದ 5.5ರ ನಡುವೆ ಅತಿ ಕಡಿಮೆ. ಆದ್ದರಿಂದ ಅಸಿಟಿಕ್ ಆಮ್ಲದಿಂದ ಪಿಎಚ್ 4.5ಕ್ಕೆ ತಂದು, ಮೊದಲೇ ಮೆಸಲಮೈನ್ ಕದಡಿ ಸೋಸಿಟ್ಟ ದ್ರಾವಣವನ್ನೇ ಬಳಸುತ್ತೇವೆ, ಅದರಲ್ಲಿ ಮತ್ತಷ್ಟು ಔಷಧ ಕರಗಲು ಜಾಗವಿರದು. 10 ನಿಮಿಷಕ್ಕೆ ಮಣಿ ತೆಗೆದು, ಒಮ್ಮೆ ತೊಳೆದು, ಕತ್ತಲಲ್ಲಿ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸುವುದು. ಬೆಳಕು, ಗಾಳಿ ತಾಗಿದರೆ ಔಷಧ ಆಕ್ಸಿಡೀಕರಣಗೊಂಡು ಕಂದಾಗುತ್ತದೆ.

ಲೇಪನ ಯುಡ್ರಾಜಿಟ್ ಎಸ್ 100 ಎಂಬ ಪಾಲಿಮರ್, ಪಿಎಚ್ 7 ದಾಟಿದರೆ ಕರಗುವಂಥದ್ದು. ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಅಸಿಟೋನ್ 60:40, ಪಾಲಿಮರ್ 6%, ಪದರ ಮೆತ್ತಗಾಗಲು ಪಾಲಿಮರ್ ತೂಕದ 10% ಟ್ರೈಈಥೈಲ್ ಸಿಟ್ರೇಟ್, ಅಂಟದಿರಲು ಟಾಲ್ಕ್. ಬೆಳಗಾವಿಯ ಜಿಟಿಜಿಟಿ ಮಳೆಯಲ್ಲಿ ಇದು ಬೆಳ್ಳಗಾಗುತ್ತದೆ: ಅಸಿಟೋನ್ ಬೇಗ ಆರಿ ಮಣಿಯ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಇಳಿಯುತ್ತದೆ, ಪಾಲಿಮರ್ ಪದರವಾಗದೆ ಪುಡಿಯಂತೆ ಕೂರುತ್ತದೆ. ಅಂಥ ಮಣಿ ಆಮ್ಲದಲ್ಲಿ ಸೋರುತ್ತದೆ. ಡಿಹ್ಯುಮಿಡಿಫೈಯರ್ ಹಚ್ಚಿ ತೇವಾಂಶ 50%ಕ್ಕಿಂತ ಕೆಳಗಿಳಿಸಿ, ಅಸಿಟೋನ್ ಪಾಲು ತಗ್ಗಿಸಿ, ಸ್ಪ್ರೇ ನಿಧಾನ ಮಾಡಿದರೆ ಪದರ ತಿಳಿಯಾಗಿ ಬರುತ್ತದೆ. ತೂಕ 15% ಏರುವವರೆಗೆ ನಿಲ್ಲಿಸುವಂತಿಲ್ಲ. ಮಣಿ ಸಣ್ಣದಾದಷ್ಟೂ ಒಟ್ಟು ಮೇಲ್ಮೈ ಹೆಚ್ಚು, ಲೇಪನವೂ ಹೆಚ್ಚು ಬೇಕು. ಈ ದ್ರಾವಕಗಳಿಗೆ ಬೆಂಕಿ ಬೇಗ ಹತ್ತುತ್ತದೆ, ಕಿಡಿ ಹಾರುವ ಯಾವುದೂ ಆ ಕೋಣೆಯಲ್ಲಿ ಇರಬಾರದು.

ಪರೀಕ್ಷೆ: 0.1 ನಾರ್ಮಲ್ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ 2 ತಾಸು, ಬಿಡುಗಡೆ 10% ದಾಟಕೂಡದು. ನಂತರ ಪಿಎಚ್ 7.2ರ ಬಫರ್ (ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣ). ಆಮ್ಲದಲ್ಲಿ 302, ಬಫರ್‌ನಲ್ಲಿ 330 ನ್ಯಾನೊಮೀಟರ್ ತರಂಗಾಂತರದ ಬೆಳಕಿನಲ್ಲಿ ಅಳೆಯುವುದರಿಂದ ಎರಡಕ್ಕೂ ಬೇರೆ ಕ್ಯಾಲಿಬ್ರೇಷನ್ ಬೇಕು. ಫಾಸ್ಫೇಟ್ ಬಫರ್ ಒಂದನ್ನೇ ನಂಬಬೇಡಿ: ಫಾಸ್ಫೇಟ್ ಕ್ಯಾಲ್ಸಿಯಂ ಕಿತ್ತುಕೊಂಡು ಮಣಿಯನ್ನು ಒಡೆದುಬಿಡುತ್ತದೆ, ಆ ವೇಗ ಕರುಳಿನದ್ದಲ್ಲ. ಕರುಳಿನ ದ್ರವಕ್ಕೆ ಹತ್ತಿರವಾದ ಬೈಕಾರ್ಬನೇಟ್ ಬಫರ್‌ನಲ್ಲೂ ಓಡಿಸುತ್ತಿದ್ದೇವೆ.

ಪಿಎಚ್ ಒಂದನ್ನೇ ನೆಚ್ಚಲೂ ಆಗದು. ಸಣ್ಣ ಕರುಳಿನ ಕೊನೆಯಲ್ಲಿ ಅದು ಸುಮಾರು 7.4, ದೊಡ್ಡ ಕರುಳಿನ ಮೊದಲ ಭಾಗವಾದ ಸೀಕಮ್‌ಗೆ ಬಂದರೆ 6ರ ಆಸುಪಾಸು. ಉರಿಯೂತ ಜೋರಿದ್ದಾಗ ಇನ್ನೂ ಇಳಿಯಬಹುದು. ಭೇದಿಯಲ್ಲಿ ಔಷಧ ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದೂ ಇಲ್ಲ. ಪೆಕ್ಟಿನ್ ಸೇರಿಸಿದ್ದು ಇದಕ್ಕೇ, ಅದನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಕತ್ತರಿಸುತ್ತವೆ. ಮುಂದಿನ ಬ್ಯಾಚ್‌ನಲ್ಲಿ ಪೆಕ್ಟಿನ್ 2 ಗ್ರಾಂ. ಪೆಕ್ಟಿನ್ ಕತ್ತರಿಸುವ ಕಿಣ್ವವಾದ ಪೆಕ್ಟಿನೇಸ್ ಹಾಕಿದ ಮತ್ತು ಹಾಕದ ಮಾಧ್ಯಮಗಳಲ್ಲಿ ಅಕ್ಕಪಕ್ಕ ಪರೀಕ್ಷೆ. ಇಲಿಯ ಸೀಕಮ್ ದ್ರವದ ಪರೀಕ್ಷೆ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬಂದ ಮೇಲೆ.