ಅಜಿ, ಅಜಾ ಮತ್ತು ಒಂದು ಪುಟ್ಟ ತೇರು

ನೇಪಾಳದ ಪಾಟನ್‌ಗೆ ಬಂದ ಮೊದಲ ವಾರ. ಮೆಟ್ಟಿಲ ಮೇಲಿಂದ ಯಾವುದೋ ಮಗು "ಅಜೀ..." ಅಂತ ಕೂಗಿತು. ಕಾಠ್ಮಂಡು ಕಣಿವೆಯಲ್ಲಿ ಕನ್ನಡದವರು ಯಾರಪ್ಪಾ ಅಂತ ಓಡಿ ಬಂದು ನೋಡಿದೆ. ಮನೆ ಮಾಲೀಕರ ಮೊಮ್ಮಗಳು! ಈ ಕಣಿವೆಯ ಮೂಲ ಜನ ನೇವಾರರೂ ಅಜ್ಜಿಗೆ ಅಜಿ, ಅಜ್ಜನಿಗೆ ಅಜಾ ಅಂತಲೇ ಅನ್ನುತ್ತಾರೆ. ಅವರ ಭಾಷೆ ಟಿಬೆಟ್-ಬರ್ಮಾ ಬಳಗದ್ದು, ನಮ್ಮದರ ಜೊತೆ ಯಾವ ನಂಟೂ ಇಲ್ಲ. ಆದರೂ ಆ ಮನೆ ಅವತ್ತೇ ನನಗೆ ಹತ್ತಿರವಾಯಿತು. ಅಂದ ಹಾಗೆ, ಭಾಷೆಯನ್ನು "ನೇವಾರಿ" ಅಂದರೆ ಮನೆ ಮಾಲೀಕರಿಗೆ, ನನಗೂ ಈಗ ಅವರು ಅಜಾ, ಹಿಡಿಸುವುದಿಲ್ಲ. "ನೇಪಾಲ ಭಾಷಾ" ಅಂತ ತಿದ್ದುತ್ತಾರೆ.

ಹೋದ ತಿಂಗಳು ಅಜಾಗೆ 77 ವರ್ಷ, 7 ತಿಂಗಳು, 7 ದಿನ ತುಂಬಿತು. ಇಲ್ಲಿ ಆಗ ಜಂಕೋ ಅನ್ನುವ ಶಾಸ್ತ್ರ ಮಾಡುತ್ತಾರೆ. ಮಗುವಿಗೆ ಮೊದಲ ಅನ್ನ ತಿನ್ನಿಸುವುದಕ್ಕೂ ಜಂಕೋ ಅಂತಲೇ ಹೆಸರು. ಮುದುಕರ ಜಂಕೋಗೆ ಇನ್ನೊಂದು ಹೆಸರು ಭೀಮರಥಾರೋಹಣ. ಕೇಳಿದ ತಕ್ಷಣ ನನ್ನ ಕಿವಿ ನೆಟ್ಟಗಾಯಿತು. ನಮ್ಮಲ್ಲಿ 70ಕ್ಕೆ ಭೀಮರಥ ಶಾಂತಿ ಮಾಡುತ್ತಾರಲ್ವಾ? ನಮ್ಮ ತಾತನಿಗೂ ಮಾಡಿದ್ದೆವು. ಹೋಮ ಆಯಿತು, ತಲೆ ಮೇಲೆ ಕಲಶದ ನೀರು ಬಿತ್ತು, ಊಟ ಆಯಿತು. ರಥ ಮಾತ್ರ ಹೆಸರಿನಲ್ಲೇ ಉಳಿಯಿತು.

ಇಲ್ಲಿ ರಥ ನಿಜವಾಗಿಯೂ ಬಂತು. ಪುಟ್ಟ ಮರದ ತೇರು, ತುಂಬಾ ಹೂವು. ಅಜಾ ಪಕ್ಕದಲ್ಲಿ ಅಜಿ, ನಾಚಿಕೊಂಡು ತಲೆ ತಗ್ಗಿಸಿದ್ದರು. ಮುಂದೆ ಧಿಮೆ ಡೋಲು. ಹಗ್ಗ ಹಿಡಿದವರು ಮಕ್ಕಳು, ಮೊಮ್ಮಕ್ಕಳು, ಕೊನೆಯಲ್ಲಿ ನಾನೂ. ಓಣಿಯ ತಿರುವಿನಲ್ಲಿ ಚಕ್ರ ಕಲ್ಲಿಗೆ ಸಿಕ್ಕಿಕೊಂಡಿತು. ಅಜಾ ಮೇಲಿಂದಲೇ "ಎಡಕ್ಕೆ, ಎಡಕ್ಕೆ!" ಅಂತ ಕೂಗುತ್ತಿದ್ದರು. ಜಂಕೋ ಆದವರನ್ನು ದೇವರ ಸಮಾನ ಅಂತ ಕಾಣುತ್ತಾರೆ. ತೇರಿನ ಮೇಲೆ ಕೂತು ದಾರಿ ಹೇಳುವ ದೇವರನ್ನು ನಾನು ನೋಡಿದ್ದು ಅದೇ ಮೊದಲು. ಸಾವಿರ ಹುಣ್ಣಿಮೆ ಕಂಡವರಿಗೆ ಎರಡನೇ ಜಂಕೋ, ನಮ್ಮ ಸಹಸ್ರ ಚಂದ್ರ ದರ್ಶನದ ಹಾಗೆ. ಮೂರನೆಯದು 88 ವರ್ಷ, 8 ತಿಂಗಳು, 8 ದಿನಕ್ಕೆ.

ಆಮೇಲೆ ಊಟ. ಉದ್ದನೆಯ ಹುಲ್ಲಿನ ಚಾಪೆ, ಎಲೆ, ಪಂಕ್ತಿ. ವಯಸ್ಸಿನ ಪ್ರಕಾರ ಕೂರಬೇಕು. "ಬಜಿ ಬೇಕಾ?" ಅಂದಾಗ ಬಿಸಿ ಬಜ್ಜಿ ಬರುತ್ತೆ ಅಂತ ಕಾದೆ. ಬಂದದ್ದು ಅವಲಕ್ಕಿ! ಒಗ್ಗರಣೆ ಇಲ್ಲ, ನೆನೆಸಿಯೂ ಇಲ್ಲ. ಪದಾರ್ಥಗಳಲ್ಲಿ ಕೋಣದ ಮಾಂಸವೇ ಜಾಸ್ತಿ. ನಾನು ಸಸ್ಯಾಹಾರಿ ಅಂತ ಅಜಿಗೆ ಗೊತ್ತು. ಉದ್ದಿನ ಹಿಟ್ಟಿನ 'ವೊ' ಬೇರೆಯಾಗಿ ಬೇಯಿಸಿಟ್ಟಿದ್ದರು. ನಮ್ಮ ವಡೆಯನ್ನು ತಟ್ಟಿ ಕಾವಲಿ ಮೇಲೆ ಹಾಕಿದ ಹಾಗಿತ್ತು. ನಾಲ್ಕು ತಿಂದೆ. ಕೊನೆಗೆ ಮಣ್ಣಿನ ಕುಡಿಕೆಯಲ್ಲಿ ಭಕ್ತಪುರದ ಗಟ್ಟಿ ಮೊಸರು. ಅಷ್ಟರಲ್ಲಿ ಹಿತ್ತಾಳೆಯ ಮೂತಿ ಗಿಂಡಿಯಿಂದ ಐಲಾ ಸುರಿಯುತ್ತಾ ಬಂದರು. ಮನೆಯಲ್ಲೇ ಇಳಿಸಿದ ಅಕ್ಕಿ ಸಾರಾಯಿ. ಕೈ ಎಷ್ಟು ಮೇಲಿದ್ದರೂ ಒಂದು ಹನಿ ಆಚೆ ಬೀಳದು. ಪ್ರಸಾದ ಅಲ್ವಾ ಅಂತ ಸುಮ್ನೆ ನಾಲಿಗೆಗೆ ತಾಗಿಸಿದೆ. ಅಮ್ಮನಿಗೆ ಹೇಳಬೇಡಿ.

ಮರುದಿನ ಬೆಳಿಗ್ಗೆ ಏಳಕ್ಕೆ ಬಾಗಿಲು ಬಡಿದ ಸದ್ದು. ತೆರೆದರೆ ಅಜಾ. ಹಣೆಯಲ್ಲಿ ನಿನ್ನೆಯ ಕುಂಕುಮ ಹಾಗೇ ಇತ್ತು. "ನಾನಿ (ಅಂದರೆ ಮಗು), ನೀರಿನ ಮೋಟರ್ ಆಫ್ ಮಾಡಿಲ್ಲ ನೀನು" ಅಂದರು.